ಸುಣ್ಣದ ಬಿಳುಪು, ಕೆನೆಯ ಬಿಳುಪು: ಹಚ್ಚೊಳ್ಳಿ ಸೀಮೆಯ ಒಳಗೋಡೆಗಳ ಚರಿತ್ರೆ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ಹೋಬಳಿ ಕೇಂದ್ರವಾದ ಹಚ್ಚೊಳ್ಳಿ ಮತ್ತು ಅದರ ಸುತ್ತಲಿನ ಎರೆಸೀಮೆಯಲ್ಲಿ, ಅಂದರೆ ಹತ್ತಿಗೂ ಜೋಳಕ್ಕೂ ಹೆಸರಾದ ಕಪ್ಪುಮಣ್ಣಿನ ಬಯಲಿನಲ್ಲಿ, ಮನೆಯ ಒಳಗೋಡೆಗೆ ಬಳಿಯುತ್ತ ಬಂದ ತಿಳಿಬಣ್ಣಗಳು ಮುಖ್ಯವಾಗಿ ಎರಡು. ಒಂದು, ನೀಲಿಯ ಸೋಂಕಿರುವ ಸುಣ್ಣದ ಬಿಳುಪು. ಇನ್ನೊಂದು, ಹಳದಿಯ ಛಾಯೆಯಿರುವ ಕೆನೆಯ ಬಿಳುಪು. ಇಂದು ಪೇಂಟಿನ ಅಂಗಡಿಯಲ್ಲಿ ಬಣ್ಣದ ಚೀಟಿಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ಇವೆರಡರಲ್ಲಿ ಒಂದನ್ನು ಆರಿಸುವುದು ಕೇವಲ ಅಭಿರುಚಿಯ ಮಾತೆಂದು ತೋರುತ್ತದೆ. ಆದರೆ ಈ ಆಯ್ಕೆ ಇಲ್ಲಿ ಬಹಳ ಕಾಲ ಆಯ್ಕೆಯೇ ಆಗಿರಲಿಲ್ಲ. ಯಾವ ಗೋಡೆಗೆ ಯಾವ ಬಿಳುಪು ಎಂಬುದನ್ನು ಹಳ್ಳದ ದಂಡೆಯ ಮಣ್ಣು, ಸುಣ್ಣದ ಭಟ್ಟಿ ಮತ್ತು ಬಳಿಯುವವರ ಕೈ ನಿರ್ಧರಿಸುತ್ತಿದ್ದವು, ಮತ್ತು ಎರಡು ಬಿಳುಪುಗಳ ನಡುವಿನ ವ್ಯತ್ಯಾಸವನ್ನು ಕಾಣಲು ಬೇಕಾದಷ್ಟು ಬೆಳಕು ಆ ಮನೆಗಳೊಳಗೆ ಬಂದದ್ದೇ ತೀರ ಈಚೆಗೆ.

ಈ ಮಾತಿನ ಅರ್ಥ ತಿಳಿಯಬೇಕಾದರೆ ಮೊದಲು ಇಲ್ಲಿನ ಹಳೆಯ ಮನೆಯ ರಚನೆಯನ್ನು ನೋಡಬೇಕು. ತಾಲೂಕಿನ ಜನವಸತಿ ಬಹು ಪ್ರಾಚೀನವಾದುದು. ತೆಕ್ಕಲಕೋಟೆಯ ಬೆಟ್ಟದ ಮೇಲೆ 1963–64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ದುಂಡನೆಯ ಗುಡಿಸಲುಗಳ ಕುರುಹುಗಳು ಸಿಕ್ಕಿದ್ದು, ಅವು ಗಳ–ಕಡ್ಡಿಗಳ ತಡಿಕೆಗೆ ಮಣ್ಣು ಮೆತ್ತಿ ಕಟ್ಟಿದ ಗೋಡೆಗಳವು. ಆದರೆ ಬಯಲಿನ ಊರುಗಳ ಗುರುತಾಗಿ ನಿಂತದ್ದು ಇದಲ್ಲ, ಮಾಳಿಗೆ ಮನೆ. ಎರಡು ಅಡಿಗೂ ಮಿಕ್ಕಿದ ದಪ್ಪದ ಮಣ್ಣಿನ ಇಲ್ಲವೆ ಕಲ್ಲು–ಮಣ್ಣಿನ ಗೋಡೆ, ಮರದ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಒತ್ತಾಗಿ ಜೋಡಿಸಿದ ಜಂತಿ, ಅದರ ಮೇಲೆ ಹುಲ್ಲು ಅಥವಾ ದಂಟು ಹರವಿ ಹಾಕಿ ದಮ್ಮಸು ಮಾಡಿದ ಸವಳು ಮಣ್ಣಿನ ಚಪ್ಪಟೆ ಮೇಲ್ಮುದ್ದೆ, ಇಷ್ಟು ಸೇರಿದರೆ ಮಾಳಿಗೆ. ಸವಳು ಎಂದರೆ ಉಪ್ಪಿನಂಶವುಳ್ಳ ನುಣುಪು ಮಣ್ಣು. ನೀರು ತಾಗಿದಾಗ ಅದರ ಕಣಗಳು ಉಬ್ಬಿ ಒಂದಕ್ಕೊಂದು ಒತ್ತಿಕೊಳ್ಳುವುದರಿಂದ ಮಳೆ ಒಳಗಿಳಿಯುವುದಿಲ್ಲ. ಹೊಲದಲ್ಲಿ ಬೆಳೆಗೆ ಶತ್ರುವಾದ ಮಣ್ಣೇ ತಲೆಯ ಮೇಲೆ ರಕ್ಷಕವಾದದ್ದು ಈ ಸೀಮೆಯ ಜಾಣತನಗಳಲ್ಲಿ ಒಂದು. ಕಂಬದಿಂದ ಕಂಬಕ್ಕೆ ಇರುವ ಜಾಗವನ್ನು ಅಂಕಣವೆನ್ನುತ್ತಾರೆ, ಮನೆಯ ಅಳತೆಯನ್ನು ಅಂಕಣಗಳ ಲೆಕ್ಕದಲ್ಲಿಯೇ ಹೇಳುವುದು ರೂಢಿ.

ಇಂಥ ಮನೆ ಬೇಸಿಗೆಯಲ್ಲಿ ತಂಪು. ಬಳ್ಳಾರಿ ಸೀಮೆಯ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವಾಗ ದಪ್ಪ ಗೋಡೆ ಹಗಲಿನ ಕಾವನ್ನು ತಡೆದು ರಾತ್ರಿಗೆ ತಳ್ಳುತ್ತದೆ. ಆ ತಂಪಿಗೆ ತೆತ್ತ ಬೆಲೆ ಕತ್ತಲು. ಹೊರಗೋಡೆಯಲ್ಲಿ ಕಿಟಕಿಗಳು ಇರುತ್ತಿರಲಿಲ್ಲ ಅಥವಾ ಕೈ ತೂರುವಷ್ಟಿರುತ್ತಿದ್ದವು. ಬಿಸಿಲು, ದೂಳು, ಕಳ್ಳಕಾಕರ ಭಯ ಮೂರೂ ಅದಕ್ಕೆ ಕಾರಣ. ಬೆಳಕು ಇಳಿಯುತ್ತಿದ್ದುದು ತಲೆಬಾಗಿಲಿನಿಂದ ಮತ್ತು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಬೆಳಕಿಂಡಿ ಎಂದರೆ ಮೇಲ್ಛಾವಣಿಯಲ್ಲಿ ಗೇಣಗಲದಿಂದ ಮೊಳದಗಲದವರೆಗೆ ಬಿಡುವ ಕಂಡಿ. ಮಳೆ ಬಂದಾಗ ಅದರ ಮೇಲೆ ಬಂಡೆಯನ್ನೋ ಗಡಿಗೆಯನ್ನೋ ಕವಿಚಿ ಮುಚ್ಚುತ್ತಿದ್ದರು, ಅಡುಗೆಮನೆಯ ಹೊಗೆ ಹೊರಹೋಗುವ ದಾರಿಯೂ ಅದೇ. ಮುಂಭಾಗದ ಅಂಕಣದಲ್ಲಿ ದನ, ಒಳಗೆ ಎತ್ತರಿಸಿದ ಕಟ್ಟೆಯ ಮೇಲೆ ಜನ, ಹಿಂದೆ ಅಡುಗೆ ಮತ್ತು ದೇವರು ಎಂಬ ಅನುಕ್ರಮದಲ್ಲಿ ಒಳಕ್ಕೆ ಹೋದಷ್ಟೂ ಬೆಳಕು ಕಡಿಮೆಯಾಗುತ್ತಿತ್ತು. ಹೀಗಿರುವಾಗ ಒಳಗೋಡೆಗೆ ತಿಳಿಬಣ್ಣ ಬಳಿಯುವುದು ಅಲಂಕಾರಕ್ಕೆ ಮೊದಲು ಬೆಳಕಿನ ಉಳಿತಾಯ. ಬೆಳಕಿಂಡಿಯಿಂದ ಇಳಿದ ಒಂದು ಕೋಲು ಬಿಸಿಲು ಬಿಳಿಗೋಡೆಗೆ ತಾಗಿ, ಅಲ್ಲಿಂದ ಎದುರು ಗೋಡೆಗೆ ಚಿಮ್ಮಿ, ಮತ್ತೆ ಮರಳಿ, ಹೀಗೆ ಹಲವು ಬಾರಿ ಪುಟಿದು ಕೋಣೆಯನ್ನು ತುಂಬುತ್ತದೆ. ಪ್ರತಿ ಪುಟಿತದಲ್ಲೂ ನೂರರಲ್ಲಿ 80 ಪಾಲು ಬೆಳಕನ್ನು ಮರಳಿಸುವ ಬಣ್ಣವೊಂದು, 70 ಪಾಲು ಮರಳಿಸುವ ಬಣ್ಣವೊಂದು ಇದ್ದರೆ ಒಂದು ಪುಟಿತದಲ್ಲಿ ಅಂತರ ಅಲ್ಪವೇ. ಆದರೆ ಎಲ್ಲ ಮೈಗಳೂ ಅದೇ ಬಣ್ಣದವಾದ ಮುಚ್ಚಿದ ಕೋಣೆಯಲ್ಲಿ ಪುಟಿತಗಳನ್ನೆಲ್ಲ ಕೂಡಿಸಿದಾಗ ಮೊದಲನೆಯದರಲ್ಲಿ ನಿಲ್ಲುವ ಬೆಳಕು ಎರಡನೆಯದರ ಒಂದೂವರೆ ಪಟ್ಟಾಗುತ್ತದೆ. ನಿಜದ ಮನೆಯಲ್ಲಿ ನೆಲವೂ ಜಂತಿಯೂ ಕಪ್ಪಾಗಿರುವುದರಿಂದ ಲಾಭ ಇಷ್ಟಿರುವುದಿಲ್ಲ, ಆದರೂ ದಿಕ್ಕು ಅದೇ.

ಈ ಕೆಲಸಕ್ಕೆ ಮೊದಲು ಒದಗಿದ್ದು ಸುಣ್ಣವಲ್ಲ, ಜೇಡಿ. ಜೇಡಿಯೆಂಬುದು ಹಳ್ಳದ ಕೊರಕಲುಗಳಲ್ಲಿಯೂ ಶಿಥಿಲಗೊಂಡ ಕಲ್ಲಿನ ಪದರಗಳಲ್ಲಿಯೂ ಸಿಗುವ ನುಣುಪಾದ ಬಿಳಿಮಣ್ಣು. ಕಬ್ಬಿಣದ ಅಂಶ ಎಷ್ಟು ಬೆರೆತಿದೆಯೆಂಬುದರ ಮೇಲೆ ಅದು ತಿಳಿ ಬೂದಿಯಿಂದ ಕೆನೆಯವರೆಗೆ ಬಣ್ಣ ಬದಲಿಸುತ್ತದೆ. ಅದನ್ನು ಅಗೆದು ತಂದು, ನೀರಿನಲ್ಲಿ ನೆನೆಹಾಕಿ, ಮರಳು ತಳಕ್ಕಿಳಿದ ಮೇಲೆ ತಿಳಿಯನ್ನು ಬೇರೆ ಪಾತ್ರೆಗೆ ಬಸಿದು, ಹಳೆಯ ಅರಿವೆಯ ತುಂಡನ್ನು ಅದ್ದಿ ಅಂಗೈಯಿಂದ ಕಮಾನಿನಂತೆ ಎಳೆದೆಳೆದು ಬಳಿಯುವುದು ಹೆಂಗಸರ ಕೆಲಸ. ನೆಲಕ್ಕೆ ಸಗಣಿ ಸಾರಿಸುವ ಕೈಯೇ ಗೋಡೆಗೂ ಏರುತ್ತಿತ್ತು. ಕೂಲಿಯಿಲ್ಲ, ಕೊಳ್ಳುವ ಸಾಮಾನಿಲ್ಲ. ಮಣ್ಣಿನ ಗೋಡೆಗೆ ಮಣ್ಣಿನದೇ ಲೇಪವಾದ್ದರಿಂದ ಎರಡೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ, ಚಕ್ಕೆ ಏಳುವುದಿಲ್ಲ. ಜೇಡಿಯ ದೋಷವೆಂದರೆ ಅದು ಗೋಡೆಯ ಮೇಲೆ ಒಣಗಿ ಕೂರುತ್ತದೆಯೇ ಹೊರತು ಗಟ್ಟಿಗೊಳ್ಳುವುದಿಲ್ಲ. ಒರಗಿದವರ ಬೆನ್ನಿಗೆ ಮೆತ್ತುತ್ತದೆ, ನೀರು ಸೋಕಿದರೆ ಇಳಿಯುತ್ತದೆ. ಆದ್ದರಿಂದ ಹಬ್ಬ ಬಂದಾಗಲೆಲ್ಲ ಹೊಸದಾಗಿ ಬಳಿಯಬೇಕು. ಮಹಾನವಮಿಗೆ ಮುಂಚೆ ಮನೆಯ ಪಾತ್ರೆ–ಪಡಗ, ಹಾಸಿಗೆ, ಗುಡಾಣಗಳನ್ನೆಲ್ಲ ಅಂಗಳಕ್ಕೆ ಹೊತ್ತುಹಾಕಿ ಗೋಡೆ ಬಳಿಯುವ ಉತ್ತರ ಕರ್ನಾಟಕದ ಪದ್ಧತಿ, ಧಾರ್ಮಿಕ ಶುದ್ಧಿಯ ಮಾತಾಗಿರುವಷ್ಟೇ ಮಳೆಗಾಲ ಮುಗಿದ ಮೇಲಿನ ರಿಪೇರಿಯೂ ಹೌದು. ಗೋಡೆಯ ಬುಡದಲ್ಲಿ ಮೊಳದಗಲ ಕೆಮ್ಮಣ್ಣಿನ ಪಟ್ಟಿ, ಅಂದರೆ ಕಾರಣೆ, ಎಳೆದರೆ ನೆಲ ಸಾರಿಸುವಾಗ ಸಿಡಿಯುವ ಸಗಣಿನೀರಿನ ಕಲೆ ಕಾಣುವುದಿಲ್ಲ. ಕೆಂಪಿನ ಮೇಲಂಚಿಗೆ ತಾಗಿ ನಿಂತ ಕೆನೆ ಬಿಳುಪು ಇರುವುದಕ್ಕಿಂತ ಹೆಚ್ಚು ಬೆಳ್ಳಗೆ ಕಾಣುತ್ತದೆ ಎಂಬುದನ್ನು ಆ ಹೆಂಗಸರು ಕಣ್ಣಳತೆಯಿಂದಲೇ ಬಲ್ಲವರಾಗಿದ್ದರು.

ಸುಣ್ಣದ ಚರಿತ್ರೆ ಇನ್ನೊಂದು ಜಾಡಿನದು. ಎರೆಮಣ್ಣಿನ ಹೊಲದಲ್ಲಿ ನೇಗಿಲಿಗೆ ಎಡತಾಕುವ, ಹಳ್ಳದ ಮಗ್ಗುಲಲ್ಲಿ ಮಳೆನೀರು ತೊಳೆದು ಹೊರಗೆಡಹುವ ಬಿಳಿಚು ಗಂಟುಗಳೇ ಸುಣ್ಣದ ಹರಳುಗಳು. ಮಳೆ ಕಡಿಮೆಯಿರುವ ಸೀಮೆಯಲ್ಲಿ ಮಣ್ಣಿನ ತೇವದಲ್ಲಿ ಕರಗಿದ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ತೊಳೆದುಹೋಗದೆ, ನೀರು ಆವಿಯಾದಂತೆ ಅಲ್ಲಲ್ಲೇ ಗಂಟುಕಟ್ಟಿ ಇವು ಹುಟ್ಟುತ್ತವೆ. ಅವನ್ನು ಆಯ್ದು, ಭಟ್ಟಿಯಲ್ಲಿ ಕಟ್ಟಿಗೆ ಇಲ್ಲವೆ ಇದ್ದಿಲಿನೊಡನೆ ಪದರಪದರವಾಗಿ ಒಟ್ಟಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದಾಗ ಕೊತಕೊತನೆ ಕುದಿದು ಹಿಟ್ಟಾಗುವುದನ್ನು ಸುಣ್ಣ ಅರಳುವುದು ಎನ್ನುತ್ತಾರೆ. ಅರಳಿದ ಸುಣ್ಣವನ್ನು ತೆಳುವಾಗಿ ಕಲಸಿ ಗೋಡೆಗೆ ಬಳಿದರೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಜೇಡಿಗೂ ಸುಣ್ಣಕ್ಕೂ ಇರುವ ಮೂಲಭೂತ ಭೇದ ಇದು: ಜೇಡಿ ಒಣಗುತ್ತದೆ, ಸುಣ್ಣ ಕೂಡಿಕೊಳ್ಳುತ್ತದೆ. ಹಸಿಸುಣ್ಣ ಬಳಿದ ಕೂಡಲೇ ಗೋಡೆ ನೀರು ಬಳಿದಂತೆ ಮಂಕಾಗಿ ಕಂಡು, ಆರಿದಂತೆಲ್ಲ ಬೆಳ್ಳಗಾಗುವುದಕ್ಕೂ ಕಾರಣವಿದೆ. ಸುಣ್ಣದ ಕಣಗಳ ನಡುವಿನ ಸಂದುಗಳಲ್ಲಿ ನೀರಿರುವವರೆಗೆ ಬೆಳಕು ಹೆಚ್ಚು ಚದುರದೆ ಒಳಕ್ಕೆ ಇಳಿದುಹೋಗುತ್ತದೆ, ಆ ಸಂದುಗಳಿಗೆ ಗಾಳಿ ತುಂಬಿದ ಮೇಲೆ ಚದುರಿ ಹೊರಬರುತ್ತದೆ. ಹೊಸಬರು ಮೊದಲ ಕೈಯಲ್ಲಿಯೇ ಬೆಳ್ಳಗೆ ಕಾಣಲೆಂದು ದಪ್ಪನಾಗಿ ಬಳಿದು ಆಮೇಲೆ ಹಪ್ಪಳದಂತೆ ಎಬ್ಬಿಸಿಕೊಳ್ಳುವುದು ಇದನ್ನರಿಯದೆ.

ಸುಣ್ಣ ಸುಡುವ ಮತ್ತು ಗೋಡೆ ಕಟ್ಟುವ ಕಸಬಿನಲ್ಲಿ ಈ ಭಾಗದ ಉಪ್ಪಾರ ಸಮುದಾಯದವರದು ದೊಡ್ಡ ಪಾಲು. ಅವರ ಮೂಲ ಕಸಬು ಸವಳು ಮಣ್ಣನ್ನು ನೀರಿನಲ್ಲಿ ಸೋಸಿ ಉಪ್ಪು ತೆಗೆಯುವುದು. 1800ರಲ್ಲಿ ಹೈದರಾಬಾದಿನ ನಿಜಾಮನಿಂದ ಕಂಪನಿಯ ಕೈಸೇರಿ, ಥಾಮಸ್ ಮನ್ರೊನ ಆಡಳಿತಕ್ಕೊಳಪಟ್ಟ ದತ್ತ ಮಂಡಲದ ಭಾಗವಾದ ಬಳ್ಳಾರಿ, ಮುಂದೆ ಮದ್ರಾಸ್ ಪ್ರಾಂತದ ಜಿಲ್ಲೆಯಾಗಿ ಬೆಳೆದಾಗ, ಸರಕಾರದ ಉಪ್ಪಿನ ಏಕಸ್ವಾಮ್ಯಕ್ಕೆ ಅಡ್ಡಬಂದ ಈ ಮಣ್ಣುಪ್ಪಿನ ತಯಾರಿಕೆಯನ್ನು 19ನೇ ಶತಮಾನದ ಕೊನೆಯ ದಶಕಗಳಲ್ಲಿ ಹತ್ತಿಕ್ಕಲಾಯಿತು. ಉಪ್ಪಿನ ಕುಂಟೆಗಳು ಬರಿದಾದಂತೆ ಹಲವು ಕುಟುಂಬಗಳು ಮಣ್ಣುಕೆಲಸ, ಗಾರೆ ಮತ್ತು ಸುಣ್ಣದ ಕಡೆಗೆ ಹೆಚ್ಚುಹೆಚ್ಚಾಗಿ ಹೊರಳಿದವು. ಗೋಡೆಯ ಬಿಳುಪಿಗೂ ತೆರಿಗೆಯ ಚರಿತ್ರೆಗೂ ನಂಟು ಕಾಣುವುದು ವಿಚಿತ್ರವೆನಿಸಬಹುದು. ಆದರೆ ಸುಣ್ಣ ಕೂಲಿಯವರ ಕೈಗೆ ಬಂದದ್ದರಿಂದಲೇ ಅದು ಹಣ ಕೊಟ್ಟು ಮಾಡಿಸುವ ಕೆಲಸವಾಯಿತು, ಹಣ ಕೊಟ್ಟು ಮಾಡಿಸುವುದಾದ್ದರಿಂದಲೇ ಮೇಲಂತಸ್ತಿನ ಗುರುತಾಯಿತು. ಹೆಂಗಸರು ಬಳಿಯುವ ಜೇಡಿ ಅಡುಗೆಮನೆಗೂ ದನದ ಅಂಕಣಕ್ಕೂ ಸರಿದು, ಗಂಡಸರು ಏಣಿ ಹಾಕಿ ಬಳಿಯುವ ಸುಣ್ಣ ಪಡಸಾಲೆಯನ್ನು ಹಿಡಿಯಿತು. ಹತ್ತಿಕಟ್ಟಿಗೆ ಮತ್ತು ಕುಳ್ಳಿನ ಹೊಗೆಯಲ್ಲಿ ಸುಣ್ಣದ ಬಿಳುಪು ಒಂದು ತಿಂಗಳೂ ಬಾಳುವುದಿಲ್ಲವೆಂಬ ವಿವೇಕವೂ ಈ ಹಂಚಿಕೆಯಲ್ಲಿತ್ತು.

ಎರೆಹೊಲದ ಹರಳಿನಿಂದ ಬಂದ ಸುಣ್ಣ ಸ್ವಚ್ಛ ಬಿಳುಪಿನದಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ. ಹರಳಿನೊಳಗೆ ಜೇಡಿಯೂ ಕಬ್ಬಿಣದ ಅಂಶವೂ ಸೇರಿಕೊಂಡಿರುತ್ತವೆ. ಇದರಿಂದ ಗಾರೆಗೆ ಲಾಭವೇ, ಏಕೆಂದರೆ ಜೇಡಿಯೊಡನೆ ಬೆಂದ ಸುಣ್ಣ ತೇವದಲ್ಲೂ ಬಿಗಿಯುತ್ತದೆ. ಆದರೆ ಗೋಡೆಗೆ ಬಳಿದಾಗ ಅದು ಮಾಸಲು ಹಳದಿಯ ಕಡೆಗೆ ವಾಲುತ್ತದೆ. ಬಾಗಲಕೋಟೆಯ ಮತ್ತು ಕರ್ನೂಲು ಸೀಮೆಯ ಸುಣ್ಣಕಲ್ಲಿನ ಪದರಗಳಿಂದ ಬರುವ ಸುಣ್ಣಕ್ಕೆ ಹೋಲಿಸಿದರೆ ಊರ ಸುಣ್ಣ ಕಡಿಮೆ ಬಿಳುಪಿನದು. ಅಂದರೆ ಮೊದಲಿಗೆ ಸುಣ್ಣವೂ ಕೆನೆಯ ಕುಲಕ್ಕೇ ಸೇರಿತ್ತು. ಅದನ್ನು ಆ ಕುಲದಿಂದ ಬೇರ್ಪಡಿಸಿದ್ದು ನೀಲಿ.

ಲಾಜವರ್ದವೆಂಬ ಅಮೂಲ್ಯ ಕಲ್ಲನ್ನು ಅರೆದು ತೆಗೆಯುತ್ತಿದ್ದ ಅಲ್ಟ್ರಾಮರೀನ್ ನೀಲಿಯನ್ನು ಕೃತಕವಾಗಿ ತಯಾರಿಸುವ ವಿಧಾನ 1820ರ ದಶಕದಲ್ಲಿ ಫ್ರಾನ್ಸಿನ ಗಿಮೆ ಮತ್ತು ಜರ್ಮನಿಯ ಗ್ಮೆಲಿನ್ ಇಬ್ಬರಿಗೂ ಪ್ರತ್ಯೇಕವಾಗಿ ಸಿದ್ಧಿಸಿತು. ಜೇಡಿ, ಸೋಡಾ, ಗಂಧಕ ಮತ್ತು ಇದ್ದಿಲುಗಳನ್ನು ಒಟ್ಟಿಗೆ ಕಾಯಿಸಿದರೆ ಸಿಗುವ ಈ ಪುಡಿ ಅಗ್ಗವಾಗಿ, ಬಟ್ಟೆಯ ಹಳದಿ ಮುಚ್ಚುವ ನೀಲಿಯಾಗಿ 19ನೇ ಶತಮಾನದ ಉತ್ತರಾರ್ಧದಲ್ಲಿ ಜಗತ್ತಿನ ಸಂತೆಗಳಿಗೆಲ್ಲ ಹಬ್ಬಿತು. ದತ್ತ ಮಂಡಲದ ಕಡಪ–ಕರ್ನೂಲು ಕಡೆ ಗಿಡದ ನೀಲಿಯನ್ನು ಬೆಳೆದು ಕಾಯಿಸುತ್ತಿದ್ದ ಕಾಲದಲ್ಲಿಯೇ ವಿದೇಶದ ನೀಲಿ ಪೊಟ್ಟಣಗಳಲ್ಲಿ ಬಂದದ್ದು ಒಂದು ವ್ಯಂಗ್ಯವೆನ್ನಬೇಕು. ಸುಣ್ಣಕ್ಕೆ ಎಲ್ಲ ನೀಲಿಗಳೂ ಹೊಂದುವುದಿಲ್ಲ. ಪ್ರಷ್ಯನ್ ನೀಲಿಯೆಂಬ ಇನ್ನೊಂದು ಬಣ್ಣ ಸುಣ್ಣದ ಕ್ಷಾರಕ್ಕೆ ಸಿಕ್ಕಿ ಕಂದಾಗುತ್ತದೆ. ಅಲ್ಟ್ರಾಮರೀನ್ ಹುಳಿಗೆ ಸೋಲುತ್ತದೆ, ಕ್ಷಾರಕ್ಕೆ ಸೋಲುವುದಿಲ್ಲ. ಹೀಗಾಗಿ ಅಗಸರ ಸಾಮಾನು ಸುಣ್ಣದವರ ಸಾಮಾನೂ ಆಯಿತು.

ನೀಲಿ ಮಾಡುವ ಕೆಲಸ ಸೂಕ್ಷ್ಮವಾದುದು. ಹಳದಿಯ ಛಾಯೆಯಿರುವ ಬಿಳುಪು ಬೆಳಕಿನ ನೀಲಿ ಭಾಗವನ್ನು ಸ್ವಲ್ಪ ನುಂಗುತ್ತದೆ. ಅಲ್ಟ್ರಾಮರೀನ್ ಅದಕ್ಕೆ ಪ್ರತಿಯಾಗಿ ಹಳದಿ ಭಾಗವನ್ನು ನುಂಗುತ್ತದೆ. ಎರಡೂ ಸೇರಿದಾಗ ಛಾಯೆ ಅಳಿದು ಬಿಳುಪು ಮಾತ್ರ ಉಳಿದಂತೆ ತೋರುತ್ತದೆ. ಲೆಕ್ಕಕ್ಕೆ ನೋಡಿದರೆ ನೀಲಿ ಬೆರೆಸಿದ ಗೋಡೆ ಬೆರೆಸದ ಗೋಡೆಗಿಂತ ಒಟ್ಟು ಕಡಿಮೆ ಬೆಳಕನ್ನೇ ಮರಳಿಸುತ್ತದೆ, ಆದರೂ ಕಣ್ಣಿಗೆ ಅದೇ ಹೆಚ್ಚು ಬೆಳ್ಳಗೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿ ನಿಯಮಗಳು ಒಂದು ಕಿಲೋ ಸುಣ್ಣಕ್ಕೆ 3 ಗ್ರಾಂ ಮೀರದಂತೆ ನೀಲಿಯನ್ನು ಬೆರೆಸಲು ಹೇಳುತ್ತವೆ. ಸುಟ್ಟ ಸುಣ್ಣ ಕಿಲೋ ಒಂದಕ್ಕೆ ಸುಮಾರು 5 ಲೀಟರು ನೀರಿನಲ್ಲಿ ಅರಳಿಸಿ, 24 ಗಂಟೆ ಬಿಟ್ಟು, ಒರಟು ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಗೋಂದು ಸೇರಿಸಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಹಳ್ಳಿಯಲ್ಲಿ ಗೋಂದಿನ ಬದಲು ಅಕ್ಕಿಗಂಜಿ, ಬೆಲ್ಲ, ಉಪ್ಪು ಇವುಗಳಲ್ಲಿ ಸಿಕ್ಕಿದ್ದು ಬೀಳುತ್ತಿತ್ತು, ಮತ್ತು ನೀಲಿಯ ಪ್ರಮಾಣ 3 ಗ್ರಾಮಿಗೆ ನಿಲ್ಲುತ್ತಿರಲಿಲ್ಲ. ನೀಲಿ ಕಾಣಿಸದಿದ್ದರೆ ನೀಲಿ ಹಾಕಿದ್ದಕ್ಕೆ ಸಾಕ್ಷಿಯೇನು ಎಂಬ ಮನೆಯೊಡೆಯನ ತರ್ಕಕ್ಕೆ ಕಟ್ಟುಬಿದ್ದು ಆಕಾಶದ ಬಣ್ಣದವರೆಗೂ ಹೋದ ಗೋಡೆಗಳು ಉತ್ತರ ಕರ್ನಾಟಕದ ಊರುಗಳಲ್ಲಿ ಇಂದಿಗೂ ಇವೆ. ತಿದ್ದುವುದಕ್ಕೆಂದು ಬಂದದ್ದು ತಾನೇ ಬಣ್ಣವಾಗಿ ಕುಳಿತ ಪರಿ ಇದು, ಮತ್ತು ಅದನ್ನು ಕೆಟ್ಟ ಅಭಿರುಚಿಯೆಂದು ತಳ್ಳಿಹಾಕುವುದು ಸರಿಯಲ್ಲ. ಕೆಂಗಂದು ದೂಳಿನ ಸೀಮೆಯಲ್ಲಿ ತಣ್ಣನೆಯ ನೀಲಿಯನ್ನು ಕಣ್ಣು ಬಯಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನೀಲಿಬಿಳುಪಿಗೆ ಸರಕಾರದ ಮುದ್ರೆಯೂ ಬಿತ್ತು. ಬಳ್ಳಾರಿಯ ದಂಡಿನ ಬ್ಯಾರಕುಗಳು, ಕಚೇರಿಗಳು, ಆಸ್ಪತ್ರೆಗಳು ನಿಯತಕಾಲಕ್ಕೆ ಸುಣ್ಣ ಕಾಣುತ್ತಿದ್ದ ಕಟ್ಟಡಗಳು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿಗಳ ಗುಂಟ ಕರ್ನಾಟಕದ ಊರುಗಳಿಗೆ ಹರಡಿದಾಗ, ರೋಗ ತಗುಲಿದ ಮನೆಗಳ ಮಾಡು ಬಿಚ್ಚಿ ಗಾಳಿ–ಬಿಸಿಲು ಹೊಗಿಸುವುದು ಮತ್ತು ಗೋಡೆಗೆ ಸುಣ್ಣ ಬಳಿಸುವುದು ಅಧಿಕಾರಿಗಳ ಮುಖ್ಯ ಕ್ರಮಗಳಲ್ಲಿ ಸೇರಿದ್ದವು. ಅರಳಿದ ಸುಣ್ಣದ ತೀವ್ರ ಕ್ಷಾರ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಂಬುದು ನಿಜ. ಪ್ಲೇಗು ಇಲಿಯ ಚಿಗಟಗಳಿಂದ ಬರುವುದರಿಂದ ಗೋಡೆಯ ಸುಣ್ಣ ಅದನ್ನು ತಡೆಯಲಾರದೆಂಬುದೂ ನಿಜ. ಆದರೆ ಬಿಳಿಗೋಡೆ ಆರೋಗ್ಯದ ಗೋಡೆ ಎಂಬ ಭಾವನೆ ಮಾತ್ರ ಬಲವಾಗಿ ಬೇರೂರಿತು. ಕೆನೆಬಣ್ಣದ ಜೇಡಿ ಈ ಹೊತ್ತಿಗೆ ಬಡತನದ ಬಣ್ಣವಾಯಿತು.

ಅದೇ ಕೆನೆ ಮುಂದೆ ಸಿರಿವಂತರ ಬಣ್ಣವಾಗಿ ಮರಳಿದ ಬಗೆ ಈ ಚರಿತ್ರೆಯ ಸ್ವಾರಸ್ಯಕರ ಭಾಗ. ಸುಣ್ಣಕ್ಕೆ ಹಳದಿ ಮಣ್ಣು, ಅಂದರೆ ಪೇವಡಿ, ಬೆರೆಸಿ ತಿಳಿಹಳದಿ ಮಾಡುವುದು ಮೊದಲೇ ಗೊತ್ತಿತ್ತು. ಸಂಡೂರಿನ ಕಬ್ಬಿಣದ ಬೆಟ್ಟಗಳ ಸೀಮೆಯಲ್ಲಿ ಕೆಂಪು–ಹಳದಿ ಮಣ್ಣುಗಳಿಗೆ ಬರವಿಲ್ಲ, ಕಬ್ಬಿಣದ ಆಕ್ಸೈಡಿನಲ್ಲಿ ನೀರಿನಂಶ ಕೂಡಿದರೆ ಹಳದಿ, ಅದನ್ನೇ ಕಾಯಿಸಿ ನೀರು ಕಳೆದರೆ ಕೆಂಪು. ಆದರೆ ಕೆನೆಗೆ ಮರ್ಯಾದೆ ತಂದದ್ದು ಊರಿನ ಪೇವಡಿಯಲ್ಲ, ಡಬ್ಬಿಯ ಡಿಸ್ಟೆಂಪರು. ಡಿಸ್ಟೆಂಪರೆಂದರೆ ಸೀಮೆಸುಣ್ಣದ ಪುಡಿಗೆ ಅಂಟು ಮತ್ತು ಬಣ್ಣ ಸೇರಿಸಿದ, ನೀರಿನಲ್ಲಿ ಕಲಸುವ ಲೇಪ. ಅಂಟಿನ ಜೊತೆ ಎಣ್ಣೆಯನ್ನೂ ಹದಮಾಡಿ ಸೇರಿಸಿದ್ದು ಆಯಿಲ್ ಬೌಂಡ್ ಡಿಸ್ಟೆಂಪರು, ಅದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. 1902ರಲ್ಲಿ ಹೌರಾದಲ್ಲಿ ಆರಂಭವಾದ ಶಾಲಿಮಾರ್ ಪೇಂಟ್ಸ್, 1942ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಏಷ್ಯನ್ ಪೇಂಟ್ಸ್ ಮೊದಲಾದ ಕಂಪನಿಗಳ ಸರಕು ಸ್ವಾತಂತ್ರ್ಯಾನಂತರ ಸಣ್ಣ ಪಟ್ಟಣಗಳಿಗೂ ಇಳಿಯಿತು. ಏಷ್ಯನ್ ಪೇಂಟ್ಸಿನ ಡಬ್ಬಿಯ ಮೇಲೆ ಕುಂಚ ಹಿಡಿದು ನಿಂತ ಗಟ್ಟು ಎಂಬ ತುಂಟ ಹುಡುಗನನ್ನು ಚಿತ್ರಿಸಿದವರು, ಮೈಸೂರಿನವರಾದ ಆರ್. ಕೆ. ಲಕ್ಷ್ಮಣ್.

ಇದೇ ವೇಳೆಗೆ ಹಚ್ಚೊಳ್ಳಿ ಸೀಮೆಯ ಬದುಕೂ ಬದಲಾಗುತ್ತಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ತುಂಗಭದ್ರಾ ಅಣೆಕಟ್ಟಿನ ಕಾಲುವೆಯ ನೀರು ಸಿರುಗುಪ್ಪ ತಾಲೂಕಿನ ಎರೆಹೊಲಗಳಿಗೆ ಹರಿದು ಜೋಳ–ಹತ್ತಿಯ ನೆಲ ಭತ್ತದ ಕಣಜವಾಯಿತು, ಆಂಧ್ರದ ಡೆಲ್ಟಾ ಸೀಮೆಯಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಅಕ್ಕಿಯ ಗಿರಣಿಗಳು ಬಂದವು. ಭತ್ತದ ಹಣದಿಂದ ಕಟ್ಟಿದ ಹೊಸ ಮನೆಗಳಿಗೆ ಸಿಮೆಂಟಿನ ಗಿಲಾಯ, ಕಬ್ಬಿಣದ ಸರಳಿನ ಅಗಲ ಕಿಟಕಿ, ಆರ್‌ಸಿಸಿ ಛಾವಣಿ. ಮಣ್ಣಿನ ಗೋಡೆಗೆ ಡಿಸ್ಟೆಂಪರು ಹತ್ತುವುದಿಲ್ಲ, ಗಿಲಾಯ ಮಾಡಿದ ಗೋಡೆಗೆ ಹತ್ತುತ್ತದೆ. ಹೀಗೆ ಡಿಸ್ಟೆಂಪರಿನ ಕೆನೆಬಣ್ಣವೆಂದರೆ ಸಿಮೆಂಟಿನ ಮನೆಯೆಂದೇ ಅರ್ಥವಾಯಿತು. ಸುಣ್ಣ ಬಳಿದ ಗೋಡೆ ಹಳೆಯ ಮನೆಯದು, ಕ್ರೀಮು ಬಳಿದದ್ದು ಹೊಸ ಮನೆಯದು. ಮೂರು ತಲೆಮಾರಿನ ಹಿಂದೆ ಹೆಂಗಸರು ಹಳ್ಳದಿಂದ ಹೊತ್ತು ತಂದ ಛಾಯೆಯನ್ನೇ ಅಂಗಡಿಯಿಂದ ದುಡ್ಡು ಕೊಟ್ಟು ತರುವುದಾಯಿತೆಂದು ಆಗ ಯಾರಿಗೂ ಅನಿಸಿದಂತಿಲ್ಲ.

ಎರಡು ಬಿಳುಪುಗಳನ್ನು ನಿಜವಾಗಿ ಹೋಲಿಸಿ ನೋಡುವ ಸಂದರ್ಭ ಒದಗಿದ್ದು ವಿದ್ಯುತ್ತಿನಿಂದ. ಅದಕ್ಕೂ ಮುಂಚೆ ರಾತ್ರಿಯ ಬೆಳಕು ಕುಸುಬೆ ಎಣ್ಣೆ, ಹರಳೆಣ್ಣೆಯ ಹಣತೆಗಳದು, ಆಮೇಲೆ ಸೀಮೆಎಣ್ಣೆಯ ಚಿಮಣಿ ಮತ್ತು ಕಂದೀಲುಗಳದು. ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಕೆಂಪು–ಹಳದಿ, ಹೆಚ್ಚಾದಷ್ಟೂ ನೀಲಿ. ಎಣ್ಣೆದೀಪದ ಬೆಳಕು 1,900 ಕೆಲ್ವಿನ್ ಆಸುಪಾಸಿನದು, ಅದರಲ್ಲಿ ನೀಲಿಯ ಅಂಶ ಅತ್ಯಲ್ಪ. ಗೋಡೆಯ ನೀಲಿ ಮರಳಿಸಬೇಕಾದ ಬೆಳಕೇ ದೀಪದಲ್ಲಿ ಇಲ್ಲದ ಮೇಲೆ ನೀಲಿಬಿಳುಪೂ ಕೆನೆಬಿಳುಪೂ ಒಂದೇ ಹೊಂಬಣ್ಣಕ್ಕೆ ತಿರುಗುತ್ತವೆ, ನೀಲಿ ಜಾಸ್ತಿಯಾದ ಗೋಡೆ ಮಾತ್ರ ಮಂಕಾಗಿ ಬೂದಿಯಾಗುತ್ತದೆ. ಸುಮಾರು 2,700 ಕೆಲ್ವಿನ್ನಿನ ಕರೆಂಟು ಬಲ್ಬು ಈ ಸ್ಥಿತಿಯನ್ನು ಹೆಚ್ಚೇನೂ ಬದಲಿಸಲಿಲ್ಲ. 1970ರ ದಶಕದ ಕೊನೆಯಲ್ಲಿ ಕರ್ನಾಟಕ ಸರಕಾರ ಬಡವರ ಮನೆಗೊಂದು ದೀಪ ಕೊಡಲು ಆರಂಭಿಸಿದ ಭಾಗ್ಯಜ್ಯೋತಿ ಯೋಜನೆಯ ಆ ಒಂದು ಬಲ್ಬಿನ ಕೆಳಗೂ ಗೋಡೆಗಳು ಹೊಂಬಣ್ಣದವೇ. ಬದಲಾವಣೆ ತಂದದ್ದು ಟ್ಯೂಬ್‌ಲೈಟು. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾದ ಟ್ಯೂಬು 6,500 ಕೆಲ್ವಿನ್ನಿನದು, ಮೋಡ ಕವಿದ ಹಗಲಿನ ಬೆಳಕಿನಂಥದು. ಅದರ ಕೆಳಗೆ ನೀಲಿ ಬೆರೆತ ಸುಣ್ಣ ಫಳಫಳಿಸಿತು, ಕೆನೆಬಣ್ಣ ಮಾಸಿದಂತೆ, ಕೆಲವೊಮ್ಮೆ ಹಸಿರಾಡಿದಂತೆ ಕಂಡಿತು. ಹಗಲಲ್ಲಿ ಕಿಟಕಿಯ ಬಿಸಿಲಿಗೆ ಬೆಚ್ಚಗೆ ಹಿತವಾಗಿದ್ದ ಕ್ರೀಮು ಗೋಡೆ ಸಂಜೆ ಕರೆಂಟು ಹಾಕುತ್ತಲೂ ಬೇರೆಯದೇ ಆಗಿಬಿಡುವ ಈ ಪಲ್ಲಟ, ತಿಳಿಬಣ್ಣಗಳನ್ನು ಆರಿಸುವವರ ಮುಖ್ಯ ಗೊಂದಲವಾಗಿ ಅಂದಿನಿಂದ ಉಳಿದುಬಂದಿದೆ. ಬಲ್ಲ ಪೇಂಟರುಗಳು ಗೋಡೆಯ ಮೇಲೆಯೇ ಎರಡು ಬಣ್ಣವನ್ನೂ ಕೈಯಗಲ ಬಳಿದು, ಬೆಳಿಗ್ಗೆಯೊಮ್ಮೆ ದೀಪದಲ್ಲೊಮ್ಮೆ ನೋಡಿ ಹೇಳಿರೆಂದು ಮನೆಯವರಿಗೆ ಬಿಡುವುದು ಇದೇ ಕಾರಣಕ್ಕೆ. ಚೀಟಿಯಲ್ಲಿ ಹೆಬ್ಬೆರಳಗಲ ಕಂಡ ಛಾಯೆ ನಾಲ್ಕು ಗೋಡೆಗೆ ಹಬ್ಬಿ ಒಂದರ ಬಣ್ಣ ಒಂದರ ಮೇಲೆ ಬಿದ್ದಾಗ ಎಷ್ಟೋ ಗಾಢವಾಗುವುದೂ ಅವರಿಗೆ ಗೊತ್ತು.

ಕಾರ್ಖಾನೆಯ ಬಿಳುಪಿನಲ್ಲೂ ನೀಲಿ ಮರೆಯಾಗಲಿಲ್ಲ. ಇಂದಿನ ಎಮಲ್ಷನ್ ಪೇಂಟುಗಳಿಗೆ ಬಿಳುಪು ಕೊಡುವುದು ಟೈಟೇನಿಯಂ ಡೈಆಕ್ಸೈಡ್. ಸುಣ್ಣ ಒಣಗಿ ಗಾಳಿ ತುಂಬಿಕೊಂಡ ಮೇಲಷ್ಟೇ ಬೆಳ್ಳಗಾದರೆ, ಬೆಳಕನ್ನು ಬಾಗಿಸುವ ಶಕ್ತಿ ಸುಣ್ಣಕ್ಕಿಂತ ಬಹಳ ಹೆಚ್ಚಿರುವ ಈ ಪುಡಿ ಹಸಿಯಲ್ಲೂ ಗೋಡೆಯನ್ನು ಮುಚ್ಚಿಬಿಡುತ್ತದೆ. ಕೇರಳದ ಕರಾವಳಿಯ ಕಪ್ಪು ಮರಳಿನಿಂದ ಅದನ್ನು ತೆಗೆಯುವ ಟ್ರಾವಂಕೂರ್ ಟೈಟೇನಿಯಂ ಕಾರ್ಖಾನೆ 1950ರ ದಶಕದ ಆರಂಭದಿಂದ ನಡೆದುಬಂದಿದೆ. ಆದರೆ ಆ ಪುಡಿಯೂ ನೇರಳೆ ಅಂಚಿನ ಬೆಳಕನ್ನು ತುಸು ನುಂಗುವುದರಿಂದ ಸೂಕ್ಷ್ಮವಾಗಿ ಹಳದಿಯ ಕಡೆಗಿರುತ್ತದೆ. ಅಚ್ಚಬಿಳಿಯೆಂದು ಮಾರುವ ಪೇಂಟಿಗೆ ತಯಾರಕರು ಲೇಶಮಾತ್ರ ನೀಲಿಯನ್ನೋ ನೇರಳೆಯನ್ನೋ ಸೇರಿಸುವುದು ರೂಢಿ. ಸುಣ್ಣದ ಬಾನಿಗೆ ನೀಲಿಯ ಗಂಟನ್ನು ಅದ್ದಿ ತೆಗೆಯುತ್ತಿದ್ದವರ ಉಪಾಯ, ಅಳತೆಯಷ್ಟೇ ಬದಲಾಗಿ ಮುಂದುವರಿದಿದೆ.

ಬೆಳಕು ಹೊಸದಾದರೂ ನೆಲ ಹಳೆಯದೇ ಎಂಬುದನ್ನು ಈ ಸೀಮೆಯ ಗೋಡೆಗಳು ಮರೆಯಗೊಡುವುದಿಲ್ಲ. ಕಾಲುವೆಯ ನೀರಾವರಿಯಿಂದ ಅಂತರ್ಜಲ ಮೇಲೇರಿದ ಕಡೆಗಳಲ್ಲಿ ಸವಳು ಹೊಲವನ್ನಷ್ಟೇ ಅಲ್ಲ, ಗೋಡೆಯ ಬುಡವನ್ನೂ ಹಿಡಿಯಿತು. ತೇವದೊಡನೆ ಗೋಡೆಯೊಳಗೆ ಏರಿದ ಉಪ್ಪು, ನೀರು ಆರುವ ಜಾಗದಲ್ಲಿ ಹರಳುಗಟ್ಟುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ತೇವ ಸಲೀಸಾಗಿ ಹೊರಬರುವುದರಿಂದ ಉಪ್ಪು ಮೇಲ್ಮೈಯಲ್ಲಿ ಹಿಟ್ಟಿನಂತೆ ಅರಳುತ್ತದೆ, ಪೊರಕೆಯಿಂದ ಗುಡಿಸಿ ಮತ್ತೊಂದು ಕೈ ಸುಣ್ಣ ಹೊಡೆದರೆ ತೀರಿತು. ಎಣ್ಣೆಯ ಅಥವಾ ಪ್ಲಾಸ್ಟಿಕ್ಕಿನ ಪೊರೆಯುಳ್ಳ ಪೇಂಟಾದರೆ ಉಪ್ಪು ಪೊರೆಯ ಹಿಂದೆ ಕಟ್ಟಿ ಅದನ್ನು ಗುಳ್ಳೆಯಾಗಿ ಎಬ್ಬಿಸಿ ಗಿಲಾಯದ ಸಮೇತ ಕಳಚುತ್ತದೆ. ಕ್ರೀಮೋ ಬಿಳಿಯೋ ಎಂಬ ಚರ್ಚೆ ಗೋಡೆಯ ಮೇಲಿನ ಮುಕ್ಕಾಲು ಭಾಗಕ್ಕೆ ಮಾತ್ರ ಅನ್ವಯಿಸುವಂತಾದದ್ದು, ಕೆಳಗಿನ ಮೂರಡಿಗೆ ಟೈಲ್ಸು ಹಚ್ಚಿಸುವ ವಾಡಿಕೆ ಹಬ್ಬಿದ್ದು ಇದರ ಫಲ. 2009ರ ಅಕ್ಟೋಬರಿನ ಮಹಾಮಳೆ ಮತ್ತು ನೆರೆ ಉತ್ತರ ಕರ್ನಾಟಕದ ಸಾವಿರಾರು ಮಣ್ಣಿನ ಮನೆಗಳನ್ನು ಕೆಡವಿದಾಗ ಸಿರುಗುಪ್ಪ ತಾಲೂಕಿನ ನದಿಬದಿಯ ಊರುಗಳೂ ಪೆಟ್ಟು ತಿಂದವು; ಮಾಳಿಗೆ ಮನೆಯನ್ನು ಮತ್ತೆ ಕಟ್ಟಿಕೊಂಡವರು ವಿರಳ, ಮಾಳಿಗೆಯ ಜೊತೆಗೆ ಜೇಡಿ ಬಳಿಯುವ ಕೆಲಸವೂ ಹೆಚ್ಚಿನ ಮನೆಗಳಲ್ಲಿ ನಿಂತಿತು.

ಈಗ ತಾಲೂಕು ಕೇಂದ್ರದ ಅಂಗಡಿಗಳಲ್ಲೂ ಬಣ್ಣ ಬೆರೆಸುವ ಯಂತ್ರಗಳಿದ್ದು, ಬಿಳುಪಿನ ಹತ್ತಾರು ಛಾಯೆಗಳು ಕೇಳಿದ ಕ್ಷಣಕ್ಕೆ ಸಿಗುತ್ತವೆ. ಒಂದು ಡಬ್ಬಿ ಬಿಳಿ ಮೂಲಕ್ಕೆ ಕೆಲವೇ ಹನಿ ಹಳದಿ ಆಕ್ಸೈಡ್ ಬಿದ್ದರೆ ಐವರಿ, ಇನ್ನಷ್ಟು ಬಿದ್ದರೆ ಕ್ರೀಮು, ನೀಲಿ–ಕಪ್ಪಿನ ಹನಿ ಬಿದ್ದರೆ ತಣ್ಣನೆಯ ಬಿಳಿ. ಎಲ್‌ಇಡಿ ದೀಪಗಳು ಬಂದ ಮೇಲೆ ಹೋಲಿಕೆಯ ನೆಲೆಯೇ ಮತ್ತೆ ಅದುರಿದೆ: ಟ್ಯೂಬ್‌ಲೈಟಿನ ಕಾಲದಲ್ಲಿ ಊರಿಗೆಲ್ಲ ಒಂದೇ ಆಗಿದ್ದ 6,500 ಕೆಲ್ವಿನ್ ಬೆಳಕಿನ ಜೊತೆಗೆ ಈಗ 3,000, 4,000 ಕೆಲ್ವಿನ್ನಿನ ಬಲ್ಬುಗಳೂ ಅದೇ ಅಂಗಡಿಯಲ್ಲಿ ದೊರೆಯುತ್ತವೆ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಪಡುವಣ ಕೋಣೆಗೆ ನೀಲಿಬಿಳುಪೂ, ಬಡಗಣ ಕಿಟಕಿಯ ತಣ್ಣನೆಯ ಬೆಳಕಷ್ಟೇ ಇರುವ ಕೋಣೆಗೆ ಕೆನೆಬಿಳುಪೂ ಹೊಂದುತ್ತವೆಂಬ ಹಗಲಿನ ನಿಯಮ ಇನ್ನೂ ನಿಂತಿದೆ. ರಾತ್ರಿಯ ಮಟ್ಟಿಗೆ ಮಾತ್ರ, ನೂರು ರೂಪಾಯಿಯ ಬಲ್ಬೊಂದನ್ನು ಬದಲಿಸಿ ಹತ್ತು ಸಾವಿರ ರೂಪಾಯಿಯ ಗೋಡೆಯ ಬಣ್ಣವನ್ನು ಇತ್ತಿಂದತ್ತ ಮಾಡಬಹುದಾಗಿದೆ.